ಸುಂದರಮ್ಮನ ಒದ್ದೆ ಅರಿವಿ

ವಾಡಿಯಲ್ಲಿ ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಹೊರಟವನಿಗೂ ಕರಿ ಅಂಗಿ ತೊಟ್ಟು ಹೊರಟವನಿಗೂ ಸಂಜೆಯ ಹೊತ್ತಿಗೆ ಭೇದ ಉಳಿಯುವುದಿಲ್ಲ. ಸಿಮೆಂಟ್ ಕಾರ್ಖಾನೆಯ ಧೂಳು ಕೂತು ಇಬ್ಬರೂ ಬೂದು ಬಣ್ಣಕ್ಕೆ ಬಂದಿರುತ್ತಾರೆ. ಊರಿನವರಿಗೆ ಇದು ಎಷ್ಟು ರೂಢಿಯೆಂದರೆ ಮದುವೆಯ ಬಟ್ಟೆ ಕೊಳ್ಳುವಾಗಲೂ ಧೂಳು ಕೂತರೆ ಎದ್ದು ಕಾಣದ ಬಣ್ಣ ಯಾವುದೆಂದು ಅಂಗಡಿಯವನನ್ನು ಕೇಳುತ್ತಾರೆ. ಅವನೂ ನಗದೆ ತೆಗೆದು ತೋರಿಸುತ್ತಾನೆ.

ಸುಂದರಮ್ಮ ಈ ಊರಿಗೆ ಸೊಸೆಯಾಗಿ ಬಂದಾಗ ಆಕೆಗೆ ಇದೊಂದೂ ಗೊತ್ತಿರಲಿಲ್ಲ. ಆಕೆಯ ತವರು ಚಿಂಚೋಳಿ ತಾಲೂಕಿನ ಚಿಮ್ಮನಚೋಡ. ಅಲ್ಲಿ ನಸುಕಿನಲ್ಲಿ ಎದ್ದರೆ ಹೊಳೆಯ ಮೇಲೆ ತೆಳ್ಳನೆ ಮಂಜು, ತೊಗರಿ ಹೊಲದ ಹಸಿ ವಾಸನೆ, ದೂರದಲ್ಲಿ ಕಾಡಿನ ಕಪ್ಪು ಗೆರೆ. ಮದುವೆಯಾದ ಮರುದಿನ ಅದೇ ಅಭ್ಯಾಸದಲ್ಲಿ ಬೇಗ ಎದ್ದು, ಅಂಗಳಕ್ಕೆ ನೀರಿನ ಥಳಿ ಹೊಡೆದು, ತವರಿನಿಂದ ತಂದ ರಂಗೋಲಿ ಹಿಟ್ಟಿನಲ್ಲಿ ದೊಡ್ಡದೊಂದು ಕಮಲ ಬಿಡಿಸಿದಳು. ಅಡುಗೆ ಮುಗಿಸಿ ಹೊರಗೆ ಬಂದು ನೋಡಿದರೆ ಕಮಲ ಇಲ್ಲ. ಯಾರೋ ತುಳಿದಿರಬೇಕೆಂದು ಹೆಜ್ಜೆ ಗುರುತು ಹುಡುಕಿದಳು. ಯಾರೂ ತುಳಿದಿರಲಿಲ್ಲ. ಇಡೀ ಅಂಗಳವೇ ರಂಗೋಲಿಯ ಬಣ್ಣಕ್ಕೆ ತಿರುಗಿತ್ತು.

ಬಾಗಿಲಲ್ಲಿ ನಿಂತಿದ್ದ ಅತ್ತೆ ನಕ್ಕಳು. "ಇಲ್ಲಿ ರಂಗೋಲಿ ಮ್ಯಾಲಿಂದ ತಾನೇ ಬೀಳ್ತದವ್ವ. ನೀ ಯಾಕ ಹಿಟ್ಟ ಹಾಳ ಮಾಡ್ತಿ?"

ಆ ಅತ್ತೆ ಕಲಿಸಿದ ಮೊದಲ ವಿದ್ಯೆಯೇ ಒದ್ದೆ ಅರಿವಿಯದು. ಹಳೆಯ ಸೀರೆಯ ಮೆತ್ತನೆ ತುಂಡೊಂದನ್ನು ನೀರಿಗೆ ಅದ್ದಿ, ಹಿಂಡಿ, ಕುಡಿಯುವ ನೀರಿನ ಕೊಡದ ಮೇಲೆ ಹೊದಿಸಬೇಕು. ರೊಟ್ಟಿ ಬುಟ್ಟಿಯ ಮೇಲೆ ಒಂದು. ಹಾಲಿನ ಪಾತ್ರೆಯ ಮೇಲೆ ಒಂದು. ಕೂಸು ಮಲಗಿದ್ದರೆ ತೊಟ್ಟಿಲಿನ ಮೇಲೆ ಒಂದು. ಒಣಗಿದ ಹಾಗೆಲ್ಲ ತೆಗೆದು, ಜಾಡಿಸಿ, ಮತ್ತೆ ಒದ್ದೆ ಮಾಡಿ ಹೊದಿಸಬೇಕು. ಬೇರೆ ಊರುಗಳಲ್ಲಿ ಪ್ರೀತಿ ಇದ್ದವರು ತುತ್ತು ಮಾಡಿ ತಿನ್ನಿಸುತ್ತಾರೆ. ಈ ಓಣಿಯಲ್ಲಿ ಒದ್ದೆ ಅರಿವಿ ಹೊದಿಸುತ್ತಾರೆ.

ಸುಂದರಮ್ಮ ಕಲಿತಳು. ಗಂಡ ಭಗವಂತ ಸುಣ್ಣದ ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದ. ಸಂಜೆ ಬಂದು ಅಂಗಳದಲ್ಲಿ ನಿಂತು ಮೈ ಕೊಡವಿದರೆ ಅವನ ಸುತ್ತ ಒಂದು ಮೋಡ ಏಳುತ್ತಿತ್ತು, ಆ ಮೋಡದೊಳಗಿಂದ ಅವನ ನಗು ಮಾತ್ರ ಕೇಳುತ್ತಿತ್ತು. ಅವನು ತೀರಿಕೊಂಡು ಬಹಳ ವರ್ಷವಾಯಿತು. ಸುಂದರಮ್ಮ ಓಣಿಯ ಅಂಗನವಾಡಿಯಲ್ಲಿ ಆಯಾ ಆದಳು. ಮಕ್ಕಳನ್ನು ಮನೆಮನೆಯಿಂದ ಕರೆತರುವುದು, ಉಪ್ಪಿಟ್ಟು ಮಾಡುವುದು, ಮೂಗು ಒರೆಸುವುದು, ಮಲಗಿಸುವುದು. ಈಗ ಐವತ್ತು ದಾಟಿದೆ. ಬೆಳಿಗ್ಗೆ ಎದ್ದು ಗೋಡೆಯ ಮೇಲಿನ ಬುದ್ಧನ ಪಟ ಒರೆಸಿ, ಬಾಬಾಸಾಹೇಬರ ಪಟ ಒರೆಸಿ, ಗಂಡನ ಫೋಟೋ ಒರೆಸಿ, ಆಮೇಲೆ ತನ್ನ ಮುಖ ತೊಳೆಯುತ್ತಾಳೆ.

ಆಕೆ ಸ್ವಲ್ಪ ಕನಸುಗಾರ್ತಿ ಎನ್ನುವುದನ್ನು ಇಲ್ಲಿಯೇ ಹೇಳಿಬಿಡಬೇಕು. ಹಿಟ್ಟು ನಾದುತ್ತ ನಾದುತ್ತ ಎಲ್ಲಿಗೋ ಹೋಗಿಬಿಡುತ್ತಾಳೆ. ಸಂಜೆ ಸೂರ್ಯ ಮುಳುಗುವಾಗ ಧೂಳು ತುಂಬಿದ ಆಕಾಶ ಕುಸುಬೆ ಹೂವಿನ ಬಣ್ಣಕ್ಕೆ ಬರುತ್ತದಲ್ಲ, ಅದನ್ನು ನೋಡುತ್ತ ಒಲೆಯ ಮೇಲಿನ ಸಾರು ಮರೆಯುತ್ತಾಳೆ. ಎದೆಗೆ ಒಳ್ಳೆಯದಲ್ಲದ್ದು ಕಣ್ಣಿಗೆ ಯಾಕಿಷ್ಟು ಚೆಂದ ಕಾಣಬೇಕು ಎಂದು ಪಕ್ಕದ ಮನೆಯ ಸುಗರಾಬಿಯನ್ನು ಕೇಳುತ್ತಾಳೆ. ಸುಗರಾಬಿಗೆ ಇಂಥ ಪ್ರಶ್ನೆಗಳೆಂದರೆ ತಲೆನೋವು. "ಪೈಲೆ ನಿನ್ನ ಸಾರು ನೋಡಕ್ಕಾ, ತಳ ಹತ್ತಾಕತ್ತದ," ಅನ್ನುತ್ತಾಳೆ.

ಅಂಗನವಾಡಿಯ ಮಕ್ಕಳಿಗೆ ಮಾತ್ರ ಸುಂದರಮ್ಮನ ಕನಸುಗಳೆಂದರೆ ಪ್ರಾಣ. ಮಧ್ಯಾಹ್ನ ಚಾಪೆಯ ಮೇಲೆ ಮಲಗಿಸಿ ಗಾಳೆವ್ವನ ಕಥೆ ಹೇಳುತ್ತಾಳೆ. ಗಾಳೆವ್ವ ಹುಟ್ಟುವುದು ಚಿಂಚೋಳಿಯ ಕಾಡಿನಲ್ಲಿ. ಬಿಳಿ ಸೀರೆ ಉಟ್ಟು, ಬರಿಗಾಲಲ್ಲಿ, ಯಾರಿಗೂ ಗೊತ್ತಾಗದಂತೆ ನಡೆದು ಹೊರಡುತ್ತಾಳೆ. ಸೇಡಂಗೆ ಬರುವಷ್ಟರಲ್ಲಿ ಸೆರಗಿಗೆ ಮೊದಲ ಕಲೆ ಬೀಳುತ್ತದೆ. ಚಿತ್ತಾಪುರದಲ್ಲಿ ನೆರಿಗೆಗೆ ಧೂಳು ಹತ್ತುತ್ತದೆ. ವಾಡಿಗೆ ಬಂದಾಗ ಸೀರೆಯ ಬಣ್ಣವೇ ತಿಳಿಯುವುದಿಲ್ಲ. ಪಾಪ, ಅಂಗನವಾಡಿಯ ಮೆಟ್ಟಿಲ ಮೇಲೆ ಕೂತು ಸೀನುತ್ತಾಳೆ. ಹಿಂಗೇ ಶಹಾಬಾದಕ್ಕೆ ಹೆಂಗ ಹೋಗಲಿ ಎಂದು ಅಳುತ್ತಾಳೆ.

"ಆಕಿ ಸೀರಿ ಯಾರ ತೊಳೀತಾರ, ಆಯಿ?" ಎಂದು ಮೈತ್ರಿ ಕೇಳುತ್ತಾಳೆ. ಪ್ರತಿಸಲ ಅದೇ ಜಾಗದಲ್ಲಿ ಅದೇ ಪ್ರಶ್ನೆ.

"ಮಳಿ ತೊಳೀತದ."

"ಮಳಿ ಬರಲಿಲ್ಲಂದ್ರ?"

"ನಾ ತೊಳೀತೀನಿ ಬಾಳಾ. ನಾ ಯಾತಕ್ಕಿದೀನಿ ಮತ್ತ?"

ಮೈತ್ರಿ ಸುಂದರಮ್ಮನ ಮಗಳ ಮಗಳು. ನಾಲ್ಕು ತುಂಬಿ ಐದಕ್ಕೆ ಬಿದ್ದ ಕೂಸು. ಮಗಳು ಭಾಗ್ಯಜ್ಯೋತಿ ತಾಯಿಯ ಮನೆಯಲ್ಲೇ ಇದ್ದು ಹೊಲಿಗೆ ಮಾಡುತ್ತಾಳೆ. ಅಳಿಯ ರತ್ನದೀಪ ಚಿಂಚೋಳಿ ಪಕ್ಕದ ಚಂದಾಪುರದಲ್ಲಿ ಆಂಬುಲೆನ್ಸ್ ಓಡಿಸುತ್ತಾನೆ, ರಜೆ ಸಿಕ್ಕಾಗ ಬಂದುಹೋಗುತ್ತಾನೆ. ಹೀಗಾಗಿ ಮೈತ್ರಿ ಹುಟ್ಟಿದಂದಿನಿಂದ ಮಲಗಿದ್ದು ಅಜ್ಜಿಯ ಪಕ್ಕದಲ್ಲೇ, ಉಂಡದ್ದು ಅಜ್ಜಿಯ ಕೈಯಲ್ಲೇ. ಆ ಕೂಸಿನ ಮೇಲೆ ಸುಂದರಮ್ಮನಿಗೆ ಇರುವ ಜೀವ ತನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗಳ ಮೇಲೂ ಇರಲಿಲ್ಲ. ಇದನ್ನು ಭಾಗ್ಯಜ್ಯೋತಿಯೇ ಹೇಳುತ್ತಾಳೆ, ಹೊಟ್ಟೆಕಿಚ್ಚಿಲ್ಲದೆ.

ಎರಡು ವರ್ಷದ ಹಿಂದೆ ಅಂಗನವಾಡಿಯ ಹಿಂದಿನ ಬಯಲಿನಲ್ಲಿ ಯಾರೋ ಗುತ್ತೇದಾರನ ಲಾರಿ ಅಡ್ಡಾ ಬಂತು. ಸಿಮೆಂಟಿಗೆ ಬೆರೆಸುವ ಬೂದಿ ತುಂಬಿದ ಲಾರಿ, ಸಿಮೆಂಟ್ ತುಂಬಿದ ಲಾರಿ, ಖಾಲಿ ಲಾರಿ. ಹಗಲೆಲ್ಲ ಇಳಿಸುವುದು, ಏರಿಸುವುದು. ತಾಡಪತ್ರಿ ಹೊದಿಸುವ ಗೋಜು ಯಾರಿಗೂ ಇಲ್ಲ. ಮೊದಲೇ ಧೂಳಿನ ಊರು, ಅದರ ಮೇಲೆ ಇದೊಂದು. ಕಳೆದ ಚಳಿಗಾಲದಲ್ಲಿ ಮೈತ್ರಿಯ ಎದೆಯಲ್ಲಿ ಸಣ್ಣದೊಂದು ಸೀಟಿ ಶುರುವಾಯಿತು. ಓಡಿದರೆ ಸೀಟಿ, ನಕ್ಕರೆ ಸೀಟಿ, ಮಲಗಿದರೆ ಇನ್ನೂ ಜೋರು. ಸುಂದರಮ್ಮ ಕತ್ತಲಲ್ಲಿ ಅದನ್ನು ಕೇಳುತ್ತ ತನ್ನ ಉಸಿರನ್ನೂ ಅದರ ಲಯಕ್ಕೆ ಹೊಂದಿಸಿಕೊಂಡು ಮಲಗಿರುತ್ತಿದ್ದಳು. ಕಲಬುರಗಿಯ ಡಾಕ್ಟರು ಕೂಸನ್ನು ಪರೀಕ್ಷೆ ಮಾಡಿ, ಔಷಧಿ ಕೊಟ್ಟು, ಈ ಗಾಳಿಯಿಂದ ದೂರ ಇಡಿ ಅಂದರು.

ಭಾಗ್ಯಜ್ಯೋತಿ ಅಂದೇ ಗಂಟು ಕಟ್ಟಲು ಸಿದ್ಧ. ಚಂದಾಪುರದಲ್ಲಿ ಗಂಡ ಇದ್ದಾನೆ, ಗಾಳಿ ಇದೆ, ಹೊಲಿಗೆ ಮಿಷನ್ನು ಎಲ್ಲಿಟ್ಟರೂ ನಡೆಯುತ್ತದೆ. ತಡೆದವಳು ಸುಂದರಮ್ಮ. "ಓಣಿಯವ್ರು ಅರ್ಜಿ ಕೊಟ್ಟೀವಿ. ಗಾಳಿ ಅಳಿಯೋ ಮಿಷನ್ ಬರಾಕತ್ತದ. ಅದು ಒಮ್ಮ ಹೇಳ್ತಂದ್ರ ಅಡ್ಡಾ ಎಬ್ಬಸ್ತಾರ. ಕೂಸಿನ್ನ ಯಾಕ ಕಳಿಸ್ಬೇಕು? ಮಿಷನ್ ಬರೋತನಕ ತಡಿ," ಅಂದಳು. ಮಗಳು ತಾಯಿಯ ಮುಖ ನೋಡಿ ಸುಮ್ಮನಾದಳು. ಮಿಷನ್ ಬರುವವರೆಗೆ ಎಂದು ಒಪ್ಪಂದವಾಯಿತು.

ಮಿಷನ್ ಬಂದದ್ದು ಏಪ್ರಿಲ್ಲಿನ ಉರಿಬಿಸಿಲಲ್ಲಿ. ಜೀಪಿನಲ್ಲಿ ಅದನ್ನು ತಂದವನು ಕಾಶೀನಾಥ, ಗಾಳಿ ಅಳೆಯುವ ಕಚೇರಿಯ ಮನುಷ್ಯ, ಶಹಾಬಾದದವನು. ತೆಳ್ಳಗೆ, ಮಾತಿಗೆ ಮೊದಲು ಸಣ್ಣಗೆ ಕೆಮ್ಮುವವನು. ಇಬ್ಬರು ಆಳುಗಳೊಂದಿಗೆ ಅದನ್ನು ಅಂಗನವಾಡಿಯ ಮಾಳಿಗೆಗೆ ಏರಿಸಿ ನಿಲ್ಲಿಸಿದ. ಒಳಗೆ ಬಿಳಿಯ ದುಂಡನೆ ಕಾಗದವೊಂದನ್ನು ಚಿಮಟದಿಂದ ಹಿಡಿದು ಇಟ್ಟ. ಗುಂಡಿ ಒತ್ತಿದ. ಹುಂ... ಎಂದು ಮಿಷನ್ ಉಸಿರೆಳೆಯಲು ಶುರು ಮಾಡಿತು.

ಸುಂದರಮ್ಮ ಚಹಾ ತಂದುಕೊಟ್ಟಳು. ಕೊಟ್ಟವಳು ಹೋಗಲಿಲ್ಲ, ಅಲ್ಲೇ ನಿಂತು ಆ ಸದ್ದು ಕೇಳುತ್ತಿದ್ದಳು. "ಇದು ಏನ್ ಮಾಡಾಕತ್ತದ್ರಿ, ಸರ್?"

"ಉಸರಾಡಾಕತ್ತದ್ರಿ ಅವ್ವಾರ. ನಾಳಿ ಮುಂಜಾನಿತನಕ ನಿಮ್ಮ ಗಾಳಿ ಎಳಕೋತದ. ಗಾಳ್ಯಾಗಿನ ಸಣ್ಣ ಧೂಳಿ ಆ ಕಾಗದಾಗ ಕೂಡ್ತದ. ದಪ್ಪನ್ನ ಧೂಳಿ ನಮ್ಮ ಮೂಗಿನಾಗೇ ನಿಲ್ತದ, ಅದರ ಚಿಂತಿಲ್ಲ. ಸಣ್ಣಂದು ಅದಲ್ಲ, ಕೂದಲಾ ಸೀಳಿದ್ರೂ ಅದರಕಿಂತ ಸಣ್ಣಂದು, ಅದು ಸೀದಾ ಎದಿಯಾಗ ಇಳೀತದ. ಹೊಗಿ ಸೈತ ಗಾಳ್ಯಾಗ ತಿರಗ್ಯಾಡಿ, ಒಂದಕ್ಕೊಂದು ಕೂಡಿ, ಅಂಥಾ ಸಣ್ಣ ಧೂಳಿ ಆಗ್ತದ."

"ಮತ್ತ ಆ ದೊಡ್ಡ ಚಿಮಣಿದು?" ಎಂದು ಆಕೆ ದೂರದ ಕಾರ್ಖಾನೆಯತ್ತ ಕೈ ತೋರಿಸಿದಳು.

ಕಾಶೀನಾಥ ಚಹಾದ ಕಪ್ಪು ಗೋಡೆಯ ಮೇಲಿಟ್ಟ. ಕೇಳುವವರು ಸಿಕ್ಕರೆ ಹೇಳುವ ಖುಷಿ ಅವನಿಗೂ ಇತ್ತು. "ಈ ಕಲ್ಲು ಅದಲ್ರಿ, ಒಂದು ಕಾಲಕ್ಕ ಇದು ಸಮುದ್ರದ ತಳ."

"ಇಲ್ಲಿ? ವಾಡಿಯಾಗ?"

"ವಾಡಿ, ಶಹಾಬಾದ, ಸೇಡಂ, ಎಲ್ಲಾ. ಮೀನ ಹುಟ್ಟೋಕಿಂತ ಮೊದಲಿನ ಮಾತು. ಆಗಿನ ಗಾಳಿ ನೀರಾಗ ಕರಗಿ, ಸುಣ್ಣದ ಜೋಡಿ ಕೂಡಿ, ತಳಕ್ಕ ಕುಂತು ಕಲ್ಲಾತು. ಈಗ ನಾವು ಅದಕ್ಕ ಭಟ್ಟಿಯಾಗ ಹಾಕಿ ಸುಡ್ತೀವಿ. ಸುಣ್ಣ ಇಲ್ಲೇ ಉಳೀತದ. ಕಲ್ಲಿನಾಗ ಮಲಗಿದ್ದ ಗಾಳಿ ಎದ್ದು ಹೋಗ್ತದ."

"ಎಲ್ಲಿಗ್ರಿ?"

"ಅದಕ್ಕ ಊರಿಲ್ಲ. ಭೂಮಿಗಿ ಕಂಬಳಿ ಹೊಚ್ಚಿದಂಗ ಮ್ಯಾಲ ಉಳೀತದ. ಅದಕ್ಕೇ ಈಗ ಎಲ್ಲಾ ಕಡಿ ಸೆಕಿ ಹೆಚ್ಚಾಗ್ಯದ. ಅದು ಕಣ್ಣಿಗಿ ಕಾಣಲ್ಲ, ಅದರಿಂದ ಕೆಮ್ಮೂ ಬರಲ್ಲ. ಇಲ್ಲಿ ಕೂಸುಗಳಿಗಿ ಕೆಮ್ಮ ಬರೋದು ಈ ಧೂಳಿಗಿ, ಹೊಗಿಗಿ." ಕಪ್ಪು ಖಾಲಿ ಮಾಡಿ ಎದ್ದ. "ನಾ ಶಹಾಬಾದದಾಗ ಇನ್ನೊಂದು ಮಿಷನ್ ನೋಡಿ ನಾಳಿ ಬರ್ತೀನ್ರಿ. ಜರಾ ಜ್ವಾಕಿ. ಹುಡುಗ್ರು ಮುಟ್ಟದಂಗ ನೋಡ್ಕೋರಿ."

ಅವನು ಹೋದ ಮೇಲೆ ಸುಂದರಮ್ಮನಿಗೆ ನೆಲದ ಮೇಲೆ ಕಾಲಿಡುವುದೇ ಕಷ್ಟವಾಯಿತು. ಕಾಲ ಕೆಳಗೆ ಸಮುದ್ರ ಇತ್ತಂತೆ. ಗಂಡ ಭಗವಂತ ವರ್ಷಗಟ್ಟಲೆ ಒಡೆದದ್ದು ಸಮುದ್ರವನ್ನು. ಅಂಗಳದಲ್ಲಿ ಅವನು ಕೊಡವಿದ ಮೋಡ ಅಷ್ಟು ಹಳೆಯದು. ಉಪ್ಪಿಟ್ಟಿಗೆ ಒಗ್ಗರಣೆ ಹಾಕುವಾಗಲೂ ಆಕೆಗೆ ಅಲೆಗಳ ಸದ್ದು ಕೇಳಿದಂತಾಯಿತು. ಅದು ಮಾಳಿಗೆಯ ಮೇಲಿನ ಮಿಷನ್ನಿನ ಸದ್ದು.

ಮಧ್ಯಾಹ್ನ ಮಕ್ಕಳನ್ನು ಮಲಗಿಸಿ ಆಕೆ ಮಾಳಿಗೆ ಏರಿದಳು. ಬಿಸಿಲು ಬೆಂಕಿಯಾಗಿತ್ತು. ಅಡ್ಡಾದಲ್ಲಿ ಬೂದಿಯ ಲಾರಿಯೊಂದು ಖಾಲಿಯಾಗುತ್ತಿತ್ತು. ಮೋಡ ಎದ್ದು ಗೋಡೆ ದಾಟಿ ಮೆಲ್ಲಗೆ ಈ ಕಡೆಗೆ ತೇಲಿ ಬಂತು. ಅದರ ನಡುವೆ ಮಿಷನ್ ತನ್ನ ಪಾಡಿಗೆ ಹುಂ... ಎಂದು ಉಸಿರೆಳೆಯುತ್ತ ನಿಂತಿತ್ತು. ಅದರ ತಲೆಯ ಮೇಲಿನ ಮುಚ್ಚಳ, ಮುಚ್ಚಳದ ಕೆಳಗಿನ ಬಾಯಿ, ಎಲ್ಲದರ ಮೇಲೂ ಬೂದು ಪುಡಿ. ಉಸಿರಿನಲ್ಲಿ ಸಣ್ಣದೊಂದು ಸೀಟಿ ಇದ್ದಂತೆ ಆಕೆಗೆ ಕೇಳಿಸಿತು. ಇತ್ತೋ ಇಲ್ಲವೋ, ಆಕೆಗಂತೂ ಕೇಳಿಸಿತು.

ನಾಳೆ ಮುಂಜಾನೆಯವರೆಗೆ ಈ ಬಡಪಾಯಿ ಇದನ್ನೇ ಕುಡಿಯಬೇಕು. ಇಷ್ಟು ದೂರದಿಂದ ನಮ್ಮ ಸಲುವಾಗಿ ಬಂದಿದೆ, ಮಾತು ಬಾರದ ಜೀವ. ಜೋಪಾನ ಅಂತ ಬೇರೆ ಹೇಳಿಹೋಗಿದ್ದಾರೆ. ಸುಂದರಮ್ಮನ ತಲೆ ಅಷ್ಟೇ ಯೋಚಿಸಿದ್ದು, ಮುಂದಿನದನ್ನು ಕೈಗಳೇ ಮಾಡಿದವು. ಕೆಳಗಿಳಿದು, ತನ್ನ ಹಳೆಯ ಬಿಳಿ ಸೀರೆಯ ಮೆತ್ತನೆ ತುಂಡೊಂದನ್ನು ನೀರಿಗೆ ಅದ್ದಿ, ಹಿಂಡಿ, ಮೇಲೆ ಬಂದು, ಮಿಷನ್ನಿನ ತಲೆಯಿಂದ ಬಾಯಿಯವರೆಗೆ ನೀಟಾಗಿ ಹೊದಿಸಿ ದಾರ ಕಟ್ಟಿದಳು. ತೊಟ್ಟಿಲಿಗೆ ಕಟ್ಟುವ ಹಾಗೆಯೇ ಕಟ್ಟಿದಳು.

ಬಿಸಿಲಿಗೆ ಅದು ಎಷ್ಟು ಹೊತ್ತು ತಡೆಯುತ್ತದೆ? ಒಣಗಿದಾಗಲೆಲ್ಲ ಚೊಂಬಿನಲ್ಲಿ ನೀರು ತಂದು ಮೇಲಿಂದ ಚಿಮುಕಿಸಿದಳು. ಸಂಜೆ ಸುಗರಾಬಿಯೂ ಏರಿಬಂದು ನೋಡಿ, "ಛಲೋ ಮಾಡಿದಕ್ಕಾ, ಪಾಪ," ಅಂದಳು. ಮಲಗುವ ಮೊದಲು ಒಮ್ಮೆ, ಕೋಳಿ ಕೂಗುವಾಗ ಒಮ್ಮೆ ನೀರು. ಬೆಳಿಗ್ಗೆ ಸಾಹೇಬರು ಬರುವ ಹೊತ್ತಿಗೆ ಮಿಷನ್ ಹೊಲಸಾಗಿ ಕಾಣಬಾರದೆಂದು ನಸುಗತ್ತಲಲ್ಲೇ ಅರಿವಿ ಬಿಚ್ಚಿ ಇದ್ದ ಹಾಗೇ ಅಂಗಳದ ಗೋಡೆಯ ಮೇಲೆ ಒಣಗಲಿಟ್ಟಳು, ಮಿಷನ್ನಿನ ಮೈಯೆಲ್ಲ ಒರೆಸಿದಳು. ಮನೆಗೆ ಬಂದ ಅತಿಥಿಯನ್ನು ಹೊಸ ಬಟ್ಟೆ ತೊಡಿಸಿ ಕಳಿಸುವ ಸಂತೋಷ ಆಕೆಗೆ.

ಬಿಸಿಲೇರಿದ ಮೇಲೆ ಕಾಶೀನಾಥ ಬಂದ. ಓಣಿಯ ಹೆಂಗಸರು ಮಾಳಿಗೆಯ ಕೆಳಗೆ ನೆರೆದರು. ಭಾಗ್ಯಜ್ಯೋತಿ ಹೊಲಿಗೆ ಬಿಟ್ಟು ಬಂದಳು. ಕಾಶೀನಾಥ ಚಿಮಟದಿಂದ ಕಾಗದ ಎತ್ತಿ ಬೆಳಕಿಗೆ ಹಿಡಿದ. ಹಿಡಿದವನು ಹಾಗೇ ನಿಂತ. ಕಾಗದ ನಿನ್ನೆ ಇಟ್ಟಷ್ಟೇ ಬಿಳಿ. ಬಹಳವೆಂದರೆ ಹಾಲಿಗೆ ಒಂದು ಹನಿ ಚಹಾ ಬಿದ್ದಷ್ಟು ಮಬ್ಬು.

"ಹಿಂಗ್ಯಾಕ?" ಎಂದು ತನಗೆ ತಾನೇ ಅಂದುಕೊಂಡ. "ಗಾಳಿ ಎಳಕೊಂಡಿದ್ದೂ ಕಮ್ಮಿ ತೋರಸಾಕತ್ತದ. ಮೋಟಾರೇನರೆ ಖರಾಬ್ ಆತೇನು?"

ಕೆಳಗಿನವರಿಗೆ ಮೋಟಾರಿನ ಮಾತು ಕೇಳಿಸಲಿಲ್ಲ, ಬಿಳಿ ಕಾಗದ ಕಂಡಿತು. "ಅಂದ್ರ ನಮ್ಮ ಗಾಳಿ ಛಲೋ ಅದ ಅಂದಂಗಾತು," ಎಂದಳು ಒಬ್ಬಳು. ಭಾಗ್ಯಜ್ಯೋತಿಯ ಮುಖ ಸಡಿಲವಾಯಿತು. ತಿಂಗಳುಗಳಿಂದ ಗಂಟು ಹಾಕಿಕೊಂಡಿದ್ದ ಹುಬ್ಬು ಬಿಚ್ಚಿತು. ಮೇಲೆ ನಿಂತ ತಾಯಿಯನ್ನು ನೋಡಿ, "ಯವ್ವಾ, ಹಂಗಿದ್ರ ಕೂಸು ಇಲ್ಲೇ ಇರಲಿ ಬಿಡು," ಅಂದಳು.

ಆ ಒಂದು ಮಾತಿಗಾಗಿ ಸುಂದರಮ್ಮ ಚಳಿಗಾಲದಿಂದ ಕಾದಿದ್ದಳು. ಈಗ ಅದು ಬಂದಿತ್ತು, ಆದರೆ ಎದೆಗೆ ಇಳಿಯಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಮೈತ್ರಿ ಗೋಡೆಯ ಮೇಲಿನ ಅರಿವಿಯನ್ನು ಎಳೆದುಕೊಂಡು ಮೆಟ್ಟಿಲು ಏರಿ ಬರುತ್ತಿದ್ದಳು. ಅದು ಅರಿವಿಯಂತೆ ಜೋತುಬಿದ್ದಿರಲಿಲ್ಲ. ಮಿಷನ್ನಿನ ತಲೆಯ ಆಕಾರದಲ್ಲೇ ಬಿರುಸಾಗಿ ನಿಂತಿತ್ತು. ಕೂಸು ಅದನ್ನು ಟೊಪ್ಪಿಗೆ ಮಾಡಿ ತಲೆಯ ಮೇಲಿಟ್ಟುಕೊಂಡಿತ್ತು.

"ಆಯಿ, ನೋಡಿಲ್ಲಿ. ನಿನ್ನ ಅರಿವಿ ಖಡಕ್ ರೊಟ್ಟಿ ಆಗ್ಯದ." ನಾಲ್ಕು ಮೆಟ್ಟಿಲು ಏರಿದ್ದಕ್ಕೆ ಎದೆಯಲ್ಲಿ ಸೀಟಿ ಹೊಡೆಯುತ್ತಿತ್ತು.

ಸುಂದರಮ್ಮ ಅದನ್ನು ತೆಗೆದುಕೊಂಡಳು. ನಿನ್ನೆ ಬಿಳಿ ಇದ್ದದ್ದು ಇಂದು ಒಲೆಯ ಬೂದಿಯ ಬಣ್ಣ. ಉಗುರಿನಿಂದ ತಟ್ಟಿದರೆ ಟಕ್ ಟಕ್ ಎಂದಿತು. ಸಿಮೆಂಟಿನ ಧೂಳು, ಬೂದಿ, ಮೇಲಿಂದ ನೀರು. ಒಂದು ಹಗಲು ಒಂದು ರಾತ್ರಿಯಲ್ಲಿ ಗಟ್ಟಿಯಾಗಿತ್ತು. ಬಿಳಿ ಕಾಗದ ಯಾಕೆ ಬಿಳಿಯಾಗಿದೆ ಎಂದು ಆಕೆಗೆ ಆ ಕ್ಷಣ ತಿಳಿಯಿತು. ಬೇರೆ ಯಾರಿಗೂ ತಿಳಿದಿರಲಿಲ್ಲ. ಕಾಶೀನಾಥ ಮೋಟಾರು ಬಿಚ್ಚುತ್ತಿದ್ದ. ಅರಿವಿಯನ್ನು ಸುಮ್ಮನೆ ಮಡಚಿ ಬಗಲಲ್ಲಿ ಇಟ್ಟುಕೊಂಡರೆ ಮುಗಿಯಿತು, ಮೈತ್ರಿ ಇಂದು ರಾತ್ರಿಯೂ ಪಕ್ಕದಲ್ಲೇ ಮಲಗುತ್ತಾಳೆ, ನಾಳೆಯೂ, ನಾಡಿದ್ದೂ.

ಮಡಚಲು ನೋಡಿದಳು. ಅದು ಮಡಚಲೇ ಇಲ್ಲ.

ಮಿಷನ್ನಿಗಾದರೂ ನಾನು ಅರಿವಿ ಹೊದಿಸಿದೆ, ಕೆಳಗೆ ಅಂಗಳದಲ್ಲಿ ಆಡುತ್ತಿದ್ದ ಕೂಸಿನ ಮೂಗಿಗೆ ಯಾರು ಹೊದಿಸಿದರು? ತೊಟ್ಟಿಲು ಬಿಟ್ಟಿಳಿದ ದಿನದಿಂದ ಇದೆಲ್ಲ ಎಲ್ಲಿ ಇಳಿಯಿತು? ಇದನ್ನು ಯೋಚಿಸಿದ ಮೇಲೆ ಆಕೆಗೆ ಬಾಯಿ ಕಟ್ಟಿಕೊಂಡು ನಿಲ್ಲಲು ಆಗಲಿಲ್ಲ.

"ಮೋಟಾರ್ ಛಲೋ ಅದ್ರಿ, ಸರ್," ಅಂದಳು. "ತಪ್ಪು ನಂದದ. ಧೂಳಿ ಹತ್ತಬಾರ್ದಂತ ಅದರ ಬಾಯಿಗಿ ಹಸಿ ಅರಿವಿ ಹೊಚ್ಚಿದ್ದಿನ್ರಿ. ರಾತ್ರಿಯೆಲ್ಲಾ."

ಕಾಶೀನಾಥ ಅರಿವಿಯನ್ನು ಕೈಗೆ ತೆಗೆದುಕೊಂಡ. ತಿರುಗಿಸಿ ನೋಡಿದ. ಬೈಯುತ್ತಾನೆಂದೇ ಎಲ್ಲರೂ ಅಂದುಕೊಂಡರು. ಅವನು ಮಾಳಿಗೆಯ ಅಂಚಿಗೆ ಕೂತುಬಿಟ್ಟ. "ನಮ್ಮವ್ವನೂ ಹಿಂಗೇ ಹೊಚ್ತಿದ್ಳು," ಅಂದ.

"ಈ ಅರಿವಿನೇ ಆಫೀಸಿಗಿ ಒಯ್ರಿ. ಇದಾ ಸಾಕ್ಷಿ ಅದಲ್ರಿ," ಎಂದಳು ಸುಂದರಮ್ಮ.

"ಅರಿವಿ ನಡ್ಯಾಂಗಿಲ್ಲವ್ವಾರ. ಆಫೀಸಿನಾಗ ಕಾಗದ ಅಷ್ಟೇ ನಡೀತದ. ಇದು ರದ್ದು ಅಂತ ಬರೀಬೇಕು. ಮಿಷನ್ ನಾಳಿ ಚಿತ್ತಾಪುರಕ್ಕ ಹೋಗ್ತದ, ಅಲ್ಲಿಂದ ಸೇಡಂ. ಆಮ್ಯಾಲ ಮಳಿ ಹಿಡೀತದ. ಮಳ್ಯಾಗ ಗಾಳಿ ತೊಳದಂಗಾಗಿ ಸ್ವಚ್ಛ ಇರ್ತದ, ಆಗ ಅಳದ್ರ ಉಪಯೋಗಿಲ್ಲ. ಇನ್ನ ಚಳಿಗಾಲಕ್ಕೇ." ಅವನು ಕಾಗದವನ್ನು ಡಬ್ಬಿಯಲ್ಲಿಟ್ಟು ಮುಚ್ಚಿದ. ಅರಿವಿಯನ್ನು ಎರಡೂ ಕೈಯಿಂದ ಆಕೆಗೆ ವಾಪಸು ಕೊಟ್ಟ.

ಓಣಿಯಲ್ಲಿ ಯಾರೂ ಆಕೆಯನ್ನು ಬೈಯಲಿಲ್ಲ. ಅವರಲ್ಲಿ ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು. ಅದು ಎಲ್ಲರಿಗೂ ಗೊತ್ತಿತ್ತು. ಅಂದು ಸಂಜೆ ಆಕಾಶ ಕುಸುಬೆಯ ಬಣ್ಣಕ್ಕೆ ಬಂದಾಗ ಸುಂದರಮ್ಮ ನೋಡಲು ಹೊರಗೆ ಬರಲಿಲ್ಲ. ಒಳಗೆ ಕೂತು ಮೈತ್ರಿಯ ಲಂಗಗಳನ್ನು ಒಂದೊಂದಾಗಿ ಮಡಚಿ ಚೀಲಕ್ಕೆ ಹಾಕುತ್ತಿದ್ದಳು.

"ಚಳಿಗಾಲದಾಗ ಮಿಷನ್ ಬರ್ತದಲ್ಲವ್ವಾ," ಎಂದಳು ಭಾಗ್ಯಜ್ಯೋತಿ, ತಾಯಿಯ ಮುಖ ನೋಡಲಾರದೆ.

"ಬರಲಿ. ಕೂಸಿನ ಎದಿ ಅಲ್ಲೀತನಕ ಕಾಯಾಂಗಿಲ್ಲ," ಎಂದಳು ಸುಂದರಮ್ಮ. ಚೀಲದ ಬಾಯಿ ಕಟ್ಟಿದಳು. ಆಮೇಲೆ ಒಲೆಯ ಮುಂದೆ ಕೂತು ಅತ್ತಳು. ಹೊಗೆಗೆ ಕಣ್ಣೀರು ಬಂತೆಂದು ಹೇಳುವಂತಿರಲಿಲ್ಲ, ಆಕೆಯದು ಗ್ಯಾಸಿನ ಒಲೆ.

ಚಂದಾಪುರಕ್ಕೆ ಆಕೆಯೇ ಬಿಟ್ಟುಬರಲು ಹೋದಳು. ಬಸ್ಸು ಸೇಡಂ ದಾಟಿ, ಚಿಂಚೋಳಿಯ ಕಡೆಗೆ ಹೊರಳಿ, ಗುಡ್ಡಗಳು ಕಾಣತೊಡಗಿದಾಗ ಕಿಟಕಿಯಿಂದ ಬಂದ ಗಾಳಿಗೆ ವಾಸನೆಯೇ ಇರಲಿಲ್ಲ. ಗಾಳಿಗೆ ವಾಸನೆ ಇಲ್ಲದಿರುವುದು ಎಂದರೇನೆಂದು ಆಕೆ ಮರೆತಿದ್ದಳು. ಗಾಳೆವ್ವನಿಗೆ ಎದುರಾಗಿ ಹೋಗುತ್ತಿದ್ದೇವೆ ಎಂದು ಮೈತ್ರಿಗೆ ಹೇಳಿದಳು. ಕೂಸು ಕಿಟಕಿಯ ಸರಳು ಹಿಡಿದು ಬಿಳಿ ಸೀರೆಯವಳನ್ನು ಹುಡುಕುತ್ತ ಹಾಗೇ ನಿದ್ದೆಹೋಯಿತು.

ರತ್ನದೀಪನ ಬಾಡಿಗೆ ಮನೆಯಲ್ಲಿ ಸುಂದರಮ್ಮನ ಕೈ ತಾನಾಗಿ ನೀರಿನ ಕೊಡಕ್ಕೆ ಒದ್ದೆ ಅರಿವಿ ಹೊದಿಸಿತು. ಬೆಳಿಗ್ಗೆ ಎದ್ದು ಜಾಡಿಸಲು ಹೋದರೆ ಜಾಡಿಸುವಂಥದ್ದೇನೂ ಇರಲಿಲ್ಲ. ಅರಿವಿ ಇಟ್ಟ ಹಾಗೇ ಬೆಳ್ಳಗೆ, ಮೆತ್ತಗೆ ಇತ್ತು. ಸಂತೋಷವೋ ಸಂಕಟವೋ, ಎರಡೂ ಒಟ್ಟಿಗೇ ಬಂದವು. ಅಂದು ಮಧ್ಯಾಹ್ನದ ಬಸ್ಸಿಗೆ ವಾಡಿಗೆ ಹೊರಟಳು. ಅಂಗನವಾಡಿಯ ಉಳಿದ ಮಕ್ಕಳಿಗೆ ಚಂದಾಪುರ ಇರಲಿಲ್ಲ, ಅವರ ಮೂಗು ಒರೆಸುವವರು ಬೇಕಿತ್ತು. ಬಸ್ಸು ಹೊರಡುವಾಗ ಮೈತ್ರಿ ಅಳಲಿಲ್ಲ. "ಗಾಳೆವ್ವನ ಸೀರಿ ತೊಳದ ಮ್ಯಾಲ ನಾ ಬರ್ತೀನಿ, ಹೌದಲ್ಲ ಆಯಿ?" ಎಂದು ಕೇಳಿತು. ಸುಂದರಮ್ಮ ಹೌದೆಂದು ತಲೆಯಾಡಿಸಿದಳು.

ಮಳೆ ಬಂತು, ಓಣಿಯ ಬೇವಿನ ಮರ ತನ್ನ ನಿಜವಾದ ಬಣ್ಣ ತೋರಿಸಿತು, ಮಳೆ ಹೋಯಿತು. ಆಕೆಯ ಕನಸಿನಲ್ಲಿ ಹಲವು ಸಲ ಸಮುದ್ರ ಬಂತು. ವಾಡಿಯ ರೈಲು ಹಳಿಗಳ ಮೇಲೆ ನೀಲಿ ನೀರು ನಿಂತಿರುತ್ತಿತ್ತು, ದಂಡೆಯಲ್ಲಿ ಭಗವಂತ ಕೂತು ಕಾಲು ತೊಳೆಯುತ್ತಿದ್ದ.

ಮಿಷನ್ ಮತ್ತೆ ಬಂದದ್ದು ಸಂಕ್ರಾಂತಿಯ ಸುಮಾರಿಗೆ. ಬೆಳಗಿನ ತಣ್ಣನೆ ಗಾಳಿ ಊರಿನ ಮೇಲೆ ಮುಚ್ಚಳ ಹಾಕಿದಂತೆ ಕೂತು, ಕೆಳಗಿನ ಹೊಗೆ ಮೇಲೆ ಹೋಗಲಾರದೆ ಓಣಿಯಲ್ಲೇ ಸುತ್ತುತ್ತಿರುವ ಕಾಲ. ಕಾಶೀನಾಥ ಅದೇ ಜಾಗದಲ್ಲಿ ನಿಲ್ಲಿಸಿ, ಹೊಸ ಕಾಗದ ಇಟ್ಟು, ಗುಂಡಿ ಒತ್ತಿದ. ಹೋಗುವಾಗ ಸಣ್ಣಗೆ ನಕ್ಕು, "ಈ ಸಲ ಜ್ವಾಕಿ ಮಾಡಬ್ಯಾಡ್ರಿ, ಅವ್ವಾರ," ಅಂದ.

ಅದಕ್ಕಿಂತ ಕಷ್ಟದ ಕೆಲಸವನ್ನು ಸುಂದರಮ್ಮನಿಗೆ ಯಾರೂ ಹೇಳಿರಲಿಲ್ಲ. ಮಕ್ಕಳು ಮನೆಗೆ ಹೋದ ಮೇಲೆ ಮಾಳಿಗೆ ಏರಿ ಮಿಷನ್ನಿನ ಎದುರಿಗೆ ಕೂತಳು. ಮಡಿಲಲ್ಲಿ ಅದೇ ಹಳೆಯ ಅರಿವಿ, ಈಗಲೂ ಬಿರುಸು. ಅಡ್ಡಾದಿಂದ ಮೋಡ ಎದ್ದು ಬಂತು. ಮಿಷನ್ನಿನ ಬಾಯಿಯೊಳಗೆ ಅದು ಇಳಿಯುವುದನ್ನು ಆಕೆ ನೋಡಿದಳು. ಹುಂ... ಎಂದು ಅದು ಎಳೆದುಕೊಳ್ಳುತ್ತಲೇ ಇತ್ತು. ಮೈತ್ರಿ ನೀರು ಕೇಳಿದಾಗ ಕೊಡದೆ ಕೂತಂತೆ ಆಕೆಗೆ ಅನ್ನಿಸಿತು. ಕೈಗಳು ಎರಡು ಸಲ ಚೊಂಬಿನತ್ತ ಹೋದವು. ಮೂರನೆಯ ಸಲಕ್ಕೆ ಸುಗರಾಬಿ ಬಂದು ಪಕ್ಕದಲ್ಲಿ ಕೂತು ಆಕೆಯ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಸುಮ್ ಕುಂದ್ರಕ್ಕಾ. ಎಳಕೊಳ್ಳಿ. ಒಂದ್ ದಿನ ಅದು ಎಳಕೊಂಡ್ರ ನಮ್ಮ ಮಕ್ಕಳದು ತಪ್ಪತದ," ಎಂದಳು. ಕತ್ತಲಾಗುವವರೆಗೆ ಇಬ್ಬರೂ ಹಾಗೇ ಕೂತರು. ಎದ್ದಾಗ ಇಬ್ಬರ ತಲೆಯೂ ನರೆತಂತಾಗಿತ್ತು. ಸುಗರಾಬಿ ಅದನ್ನು ನೋಡಿ ನಕ್ಕಳು.

ಮರುದಿನ ಬೆಳಿಗ್ಗೆ ಕಾಶೀನಾಥ ಕಾಗದ ಎತ್ತಿ ಬೆಳಕಿಗೆ ಹಿಡಿದ. ಬೆಳಕು ಅದರೊಳಗಿಂದ ದಾಟಿ ಬರಲಿಲ್ಲ. ತವೆಯ ಹಿಂಬದಿಯ ಬಣ್ಣಕ್ಕೆ ತಿರುಗಿತ್ತು. ಅವನು ಅದನ್ನು ಆಕೆಗೆ ತೋರಿಸಿದ, ಆಮೇಲೆ ಡಬ್ಬಿಯಲ್ಲಿಟ್ಟು ಮುಚ್ಚಿ ಮೇಲೆ ಊರ ಹೆಸರು ಬರೆದ. "ಇದು ನಡೀತದ್ರಿ," ಅಂದ. "ಆದ್ರ ಇವತ್ತ ಕೊಟ್ರ ನಾಳಿ ಅಡ್ಡಾ ಏಳಾಂಗಿಲ್ಲ. ತೂಕ ಆಗಬೇಕು, ವರದಿ ಆಗಬೇಕು, ನೋಟೀಸ್ ಹೋಗಬೇಕು. ಟೈಮ್ ಹಿಡೀತದ."

"ಹಿಡೀಲ್ರಿ," ಎಂದಳು ಸುಂದರಮ್ಮ.

ಮಧ್ಯಾಹ್ನ ಫೋನು ಬಂತು. ಪರದೆಯ ತುಂಬ ಮೈತ್ರಿಯ ಮುಖ. ಕೆನ್ನೆ ತುಂಬಿಕೊಂಡಿತ್ತು. ಎಲ್ಲಿಂದಲೋ ಓಡಿ ಬಂದು ಫೋನು ಕಸಿದುಕೊಂಡಿದ್ದಳು, ಏದುಸಿರು ಬಿಡುತ್ತಿದ್ದಳು. ಸುಂದರಮ್ಮ ಫೋನನ್ನು ಕಿವಿಗೆ ಒತ್ತಿಕೊಂಡು ಮೊದಲು ಆ ಉಸಿರು ಕೇಳಿದಳು. ಸೀಟಿ ಇರಲಿಲ್ಲ.

"ಆಯಿ, ಗಾಳೆವ್ವನ ಸೀರಿ ತೊಳದೇನ? ನಾ ಬರಲೇನ?"

ಸುಂದರಮ್ಮ ಮಾಳಿಗೆಯ ಕಡೆ ನೋಡಿದಳು. ಮಿಷನ್ ಇದ್ದ ಜಾಗ ಖಾಲಿಯಾಗಿತ್ತು. ಅದರ ಹಿಂದೆ ಅಡ್ಡಾದ ಮೋಡ ನಿಧಾನವಾಗಿ ಏಳುತ್ತಿತ್ತು.

"ಇನ್ನಾ ಇಲ್ಲ ಬಾಳಾ," ಎಂದಳು. "ಇವತ್ತಷ್ಟೇ ನೆನಿ ಹಾಕೀನಿ."